ಸೇತುವೆ ಮೇಲೆ ಸಿಕ್ಕಿದ ಹೆಸರು

"ಎರಡು ತಗೋಬೇಕು, ಎರಡು! ಒಂದೇ ತಗೊಂಡ್ರೆ ಹಬ್ಬಕ್ಕೆ ಅವಮಾನ!" ಎನ್ನುತ್ತಾ ರಾಂಗೆಲ್ ಚಾಕೊಲೇಟ್ ಡಬ್ಬಿಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ಹಿಡಿಯುತ್ತಾ ಬರುತ್ತಿದ್ದ.

ಬೋರ್ಡಿನ ಮೂಲೆಯಲ್ಲಿ ಸ್ತಾಂಚೆವಾ ಟೀಚರ್ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: 'ಇಂದು ಹೆಸರಿನ ಹಬ್ಬ: ರಾಂಗೆಲ್.' ಬಲ್ಗೇರಿಯಾದಲ್ಲಿ ಅಂದು ದೇವದೂತರ ದಿನ. ದೂತರ ಹೆಸರಿಟ್ಟುಕೊಂಡವರಿಗೆಲ್ಲ ಸಡಗರ. ಹುಟ್ಟುಹಬ್ಬಕ್ಕಾದರೆ ಜನರನ್ನು ಕರೆಯಬೇಕು. ಹೆಸರಿನ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ನೆನಪಿದ್ದವರು ತಾವಾಗಿಯೇ ಬರುತ್ತಾರೆ. ಬಂದವರನ್ನು ಉಣಿಸದೆ ಕಳಿಸುವಂತಿಲ್ಲ, ಅಷ್ಟೆ.

ನಾಯ್ದೆನಾ ಎರಡು ಚಾಕೊಲೇಟ್ ತೆಗೆದುಕೊಂಡಳು.

"ಸಾಯಂಕಾಲ ಮನೆಗೂ ಬರ್ತೀಯ ತಾನೆ?" ಎಂದ ರಾಂಗೆಲ್. "ಹೋದ ವರ್ಷ ನಮ್ಮಮ್ಮ ಮಾಡಿದ ಬಾನಿತ್ಸಾನ ನಾಲ್ಕು ತುಂಡು ಮುಗಿಸಿದ್ಯಲ್ಲ!"

"ಮೂರು" ಎಂದಳು ನಾಯ್ದೆನಾ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಬೆಣ್ಣೆ ಬೆಣ್ಣೆಯಾದ, ಒಳಗೆ ಚೀಸ್ ತುಂಬಿದ ಆ ಬಾನಿತ್ಸಾ ನಿಜವಾಗಿಯೂ ರುಚಿಯಾಗಿತ್ತು.

"ಅದ್ಸರಿ, ನಿನ್ನ ಹಬ್ಬ ಯಾವಾಗ? ಎಲ್ಲರ ಮನೇಲೂ ತಿಂತೀಯ, ನೀನು ಒಂದ್ಸಲಾನೂ ತಿನ್ನಿಸಿಲ್ಲ."

ಈಗ ಅವಳಿಗೆ ನಗು ಬರಲಿಲ್ಲ. "ನನ್ನ ಹೆಸರಿಗೆ ಹಬ್ಬ ಇಲ್ಲ" ಎಂದಳು.

"ನಂಗೂ ಇದೆಯಲ್ಲೇ!" ಎಂದ ಹಿಂದಿನ ಬೆಂಚಿನ ಯಾಸೆನ್. ಅವನದು ಮರದ ಹೆಸರು. ಮರದ ಹೆಸರಿನವರಿಗೆ, ಹೂವಿನ ಹೆಸರಿನವರಿಗೆ ವಸಂತದಲ್ಲಿ ಹೂವಿನ ಭಾನುವಾರ ಬರುತ್ತದೆ.

"ಇವಳಿಗೆ ಎಲ್ಲಿಂದ ಬರುತ್ತೆ?" ಎಂದ ರಾಂಗೆಲ್. "ಕ್ಯಾಲೆಂಡರಲ್ಲಿ ಸಂತ ನಾಯ್ದೆನಾ ಅಂತ ಯಾರೂ ಇಲ್ಲ. ನಾಯ್ದೆನಾ ಅಂದ್ರೆ ಸಿಕ್ಕಿದವಳು. ಎಲ್ಲೇ ಸಿಕ್ಕಿದ್ದು ನೀನು? ಬಸ್‌ಸ್ಟ್ಯಾಂಡಲ್ಲಾ?"

ರಾಂಗೆಲ್ ಕೆಟ್ಟ ಹುಡುಗನಲ್ಲ. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರಲ್ಲ, ಅಂಥವನು. ಆದರೂ ಆ ಮಾತು ನಾಯ್ದೆನಾಳಿಗೆ ಚುರುಕ್ಕೆಂದಿತು.

ಅಷ್ಟರಲ್ಲಿ ಟೀಚರ್ ಮೇಜು ತಟ್ಟಿದರು. "ಹೆಸರಿನ ಮಾತು ಬಂತಲ್ಲ, ಸರಿ. ಸೋಮವಾರ ಎಲ್ಲರೂ ಅವರವರ ಹೆಸರು ಎಲ್ಲಿಂದ ಬಂತು, ಯಾರು ಇಟ್ಟರು ಅಂತ ತಿಳ್ಕೊಂಡು ಬನ್ನಿ."

"ನಂದು ಈಗ್ಲೇ ಗೊತ್ತು ಟೀಚರ್!" ಎಂದು ಫಿಲಿಪ್ ಎದ್ದು ನಿಂತ. "ಗ್ರೀಕರ ಹೆಸರು. ಕುದುರೆ ಅಂದ್ರೆ ಪ್ರೀತಿ ಇರೋನು ಅಂತ."

"ಇವನು ಕತ್ತೆ ನೋಡಿದ್ರೂ ಹೆದರ್ತಾನೆ ಟೀಚರ್!" ಎಂದಳು ಕಲಿನಾ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾಯ್ದೆನಾ ಮಾತ್ರ ಬೋರ್ಡಿನ ಮೂಲೆಯನ್ನೇ ನೋಡುತ್ತಾ ಕೂತಿದ್ದಳು. ಆ ಮೂಲೆಯಲ್ಲಿ ಅವಳ ಹೆಸರು ಒಂದು ಸಲವೂ ಬಂದಿರಲಿಲ್ಲ.

ಆ ಸಂಜೆ ಅವಳು ರಾಂಗೆಲನ ಮನೆಗೆ ಹೋಗಲಿಲ್ಲ.

ಅಡುಗೆಮನೆಯಲ್ಲಿ ಅಜ್ಜಿ ಚಳಿಗಾಲಕ್ಕೆಂದು ಕೆಂಪು ಮೆಣಸಿನಕಾಯಿ ಸುಡುತ್ತಿದ್ದರು. ಅಜ್ಜಿಯ ಹೆಸರೂ ನಾಯ್ದೆನಾ. ಅಪ್ಪನ ಅಮ್ಮನ ಹೆಸರನ್ನೇ ಮೊಮ್ಮಗಳಿಗೆ ಇಟ್ಟಿದ್ದರು. ಮೊಮ್ಮಗಳು ಬ್ಯಾಗನ್ನು ಕುರ್ಚಿಯ ಮೇಲೆ ಧೊಪ್ಪೆಂದು ಹಾಕಿದಳು.

"ಅಜ್ಜಿ, ನನ್ನ ಇನ್ಮೇಲೆ ನಿಯಾ ಅಂತ ಕರೀರಿ."

"ಯಾರದು ನಿಯಾ?"

"ನಾನೇ. ಚಿಕ್ಕ ಹೆಸರು, ಚೆನ್ನಾಗಿದೆ. ಈ ನಾಯ್ದೆನಾ ನಂಗೆ ಬೇಡ. ನಿಮ್ಮ ಹೆಸರು ನೀವೇ ಇಟ್ಕೋಬೇಕಿತ್ತು. ನಂಗ್ಯಾಕೆ ಅಂಟಿಸಿದ್ರಿ?"

"ನಾಯ್ದೆನಾ! ಅಜ್ಜಿ ಹತ್ರ ಹೀಗಾ ಮಾತಾಡೋದು?" ಎಂದು ಒಳಗಿಂದ ಅಮ್ಮ ಗದರಿದರು.

ಅಜ್ಜಿ ಗದರಲಿಲ್ಲ. ಒಲೆಯ ಮೇಲಿನ ಮೆಣಸಿನಕಾಯಿ ತಿರುಗಿಸಿದರು. "ಹೊಸ ಹೆಸರು ಬೇಕಾ? ಆಗ್ಲಿ ಪುಟ್ಟಿ. ಭಾನುವಾರ ಒಂದು ಕಳೀಲಿ. ಆಮೇಲೂ ಬೇಕು ಅನ್ಸಿದ್ರೆ ನಾನೇ ಮೊದಲು ನಿಯಾ ಅಂತ ಕರೀತೀನಿ."

ಭಾನುವಾರ ರೆಜೆಪ್ ತಾತ ಬರುವ ದಿನ. ಪ್ರತಿ ವರ್ಷ ಅದೇ ತಾರೀಖಿನಂದು ಅವರು ಬೆಟ್ಟದ ಮೇಲಿನ ಹಳ್ಳಿಯಿಂದ ಬಸ್ಸಿನಲ್ಲಿ ಇಳಿದು ಬರುತ್ತಿದ್ದರು. ಜೊತೆಗೆ ಒಂದು ಮೂಟೆ ದ್ಯೂಲ್ಯಾ ಹಣ್ಣು. ನೋಡಲು ಹಳದಿ ಸೇಬು, ಕಚ್ಚಿದರೆ ಕಲ್ಲು. ಅದನ್ನೇ ಜೇನು ಹಾಕಿ ಬೇಯಿಸಿದರೆ ಬೀದಿಯವರೆಗೂ ಘಮ. ಅವರೇಕೆ ಬರುತ್ತಾರೆ, ಆ ದಿನವೇ ಏಕೆ ಬರುತ್ತಾರೆ ಎಂದು ನಾಯ್ದೆನಾ ಕೇಳಿರಲೇ ಇಲ್ಲ. ಹಣ್ಣು ಬರುತ್ತಿತ್ತು, ತಿನ್ನುತ್ತಿದ್ದಳು.

ಆ ಭಾನುವಾರ ಅಜ್ಜಿ ದುಂಡನೆಯ ಪಿತ್ಕಾ ರೊಟ್ಟಿ ಸುಟ್ಟು ಬಟ್ಟೆ ಮುಚ್ಚಿಟ್ಟರು. ಬಾಗಿಲಿನ ಚಿಲಕ ತೆಗೆದಿಟ್ಟರು. ಚಳಿ ಹೇಳದೆ ಕೇಳದೆ ಒಳಗೆ ಬಂತು. ತಾತ ಮಾತ್ರ ಬರಲಿಲ್ಲ.

"ಬಸ್ ಬಂದು ಆಗ್ಲೇ ಎಷ್ಟೊತ್ತಾಯ್ತು" ಎಂದರು ಅಪ್ಪ. "ಮಂಡಿ ನೋವು ಅಂತಿದ್ರು. ಒಂದು ಫೋನ್ ಮಾಡ್ಲಾ?"

"ಫೋನ್ ಕೆಳಗಿಡು" ಎಂದರು ಅಜ್ಜಿ. "ಹೆಸರಿನ ಹಬ್ಬಕ್ಕೆ ಯಾರಾದ್ರೂ ಕರೀತಾರೇನೋ?"

ಕಿಟಕಿಯ ಹತ್ತಿರ ಕೂತಿದ್ದ ನಾಯ್ದೆನಾ ಗಕ್ಕನೆ ತಿರುಗಿದಳು. "ಯಾರ ಹೆಸರಿನ ಹಬ್ಬ?"

"ನಂದು. ಈಗ ಹತ್ತು ವರ್ಷದಿಂದ ನಿಂದೂ."

"ನಮ್ಮ ಹೆಸರಿಗೆ ಸಂತರೇ ಇಲ್ಲವಲ್ಲ ಅಜ್ಜಿ!"

"ಸಂತರಿಲ್ಲ. ಆದ್ರೆ ಸಿಕ್ಕಿದವಳು ಅಂದ್ರೆ ಯಾರಿಗೋ ಸಿಕ್ಕಿರಬೇಕಲ್ವಾ? ಬಾ ಇಲ್ಲಿ." ಅಜ್ಜಿ ತಮ್ಮ ಶಾಲಿನ ಅರ್ಧವನ್ನು ಅವಳಿಗೆ ಹೊದಿಸಿದರು. "ನಾನು ಹುಟ್ಟೋಕೆ ಮುಂಚೆ ನಮ್ಮಮ್ಮಂಗೆ ಎರಡು ಮಕ್ಕಳಾಗಿ ಎರಡೂ ಹೋಗ್ಬಿಟ್ಟವು. ಮೂರನೇದು ನಾನು. ಅಂಥ ಮನೆಯವರು ಆಗ ಒಂದು ಕೆಲಸ ಮಾಡೋರು. ಮಗೂನ ಬೆಳಿಗ್ಗೇನೇ ತಗೊಂಡ್ಹೋಗಿ ಸೇತುವೆ ಮೇಲೆ ಇಡೋದು. ಮೊದಲು ಬಂದು ಎತ್ಕೊಂಡೋರೇ ಹೆಸರಿಟ್ಟು, ಮತ್ತೆ ಅಮ್ಮನ ಕೈಗೆ ಕೊಡಬೇಕು. ಆದ್ರೂ ಮಗು ಅವರಿಗೆ ಸಿಕ್ತು ಅಂತ ಲೆಕ್ಕ. ಸಾವು ಬಂದು ಹಳೇ ಮನೇಲಿ ಹುಡುಕಿ, ಮಗು ಇಲ್ಲ ಅಂತ ವಾಪಸ್ ಹೋಗುತ್ತೆ ಅಂತ ನಂಬಿಕೆ."

"ಯಾರೂ ಬರದೇ ಇದ್ರೆ?"

"ಅದೇ ಭಯ. ನಮ್ಮಮ್ಮ ಹೊಳೆ ಪಕ್ಕದ ಮರದ ಹಿಂದೆ ಅವಿತ್ಕೊಂಡು, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ಲಂತೆ. ಕರೆಯೋ ಹಾಗಿಲ್ಲ, ಕೂಗೋ ಹಾಗಿಲ್ಲ. ಮೊದಲು ಒಬ್ಬ ಗಾಡಿಯವನು ಬಂದ. ನನ್ನ ನೋಡ್ದ. ನೋಡಿ, ಆ ಕಡೆ ಮುಖ ತಿರುಗಿಸ್ಕೊಂಡು ಹೋದ."

"ಎತ್ಕೊಳ್ಳಲಿಲ್ವಾ!" ನಾಯ್ದೆನಾಳಿಗೆ ಆ ಗಾಡಿಯವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ಎತ್ಕೊಂಡ್ರೆ ಜೀವನ ಪೂರ್ತಿ ಆ ಮಗು ಜವಾಬ್ದಾರಿ ಅಲ್ವಾ? ಯಾರಿಗೆ ಬೇಕು? ಮೈಯೆಲ್ಲ ನಡುಗೋ ಚಳಿ. ಆಮೇಲೆ ಸಂತೆಗೆ ಅಂತ ಒಬ್ಬ ಹೆಂಗಸು ಹೇಸರಗತ್ತೆ ಹೊಡ್ಕೊಂಡು ಬಂದ್ಲು. ಅದರ ಮೇಲೆ ದ್ಯೂಲ್ಯಾ ಮೂಟೆ. ಹತಿಜೆ ಅಂತ, ಬೆಟ್ಟದ ಮೇಲಿನ ಹಳ್ಳಿಯೋಳು. ಅವರ ಮನೇಲಿ ಟರ್ಕಿ ಭಾಷೆ, ಅವರ ದೇವರು ಬೇರೆ, ಹಬ್ಬ ಬೇರೆ. ಆದ್ರೂ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನನ್ನ ಸುತ್ತಿ ಎತ್ಕೊಂಡ್ಲು. 'ನಂಗೊಂದು ಮಗು ಸಿಕ್ತು! ನಾಯ್ದೆನಾ!' ಅಂತ ಹೊಳೆಗೆಲ್ಲ ಕೇಳೋ ಹಾಗೆ ಕೂಗಿದ್ಲಂತೆ."

"ಆಮೇಲೆ?"

"ಆಮೇಲೆ ಊರೋರದ್ದು ಒಂದೇ ರಾಗ. 'ಅವಳು ನಮ್ಮ ಚರ್ಚಿನೋಳಲ್ಲ, ಇದು ಲೆಕ್ಕಕ್ಕಿಲ್ಲ. ನಾಳೆ ಇನ್ನೊಂದ್ಸಲ ಇಡು.' ನಮ್ಮಮ್ಮ ಒಂದೇ ಮಾತು ಹೇಳಿದ್ಲು. 'ಬಗ್ಗಿ ಎತ್ಕೊಂಡೋಳು ಅವಳು. ಹೆಸರಿಟ್ಟೋಳೂ ಅವಳೇ.' ಹತಿಜೆ ಅಮ್ಮ ಬದುಕಿರೋವರೆಗೂ ಪ್ರತಿ ವರ್ಷ ಇದೇ ದಿನ ಬಂದ್ಲು. ಅವಳು ಹೋದ್ಮೇಲೆ ಅವಳ ಮಗ ರೆಜೆಪ್ ಬರ್ತಾನೆ."

ನಾಯ್ದೆನಾ ಬಾಗಿಲ ಕಡೆ ನೋಡಿದಳು. ಶುಕ್ರವಾರದಿಂದ ಅವಳಿಗೆ ಇದ್ದ ಚಿಂತೆ ಒಂದೇ, ತನ್ನ ಹೆಸರಿಗೆಂದು ಯಾರೂ ಬರುವುದಿಲ್ಲವಲ್ಲ ಎಂದು. ಹುಟ್ಟಿದಾಗಿನಿಂದ ಬರುತ್ತಲೇ ಇದ್ದರು! ಈಗ ತಿಳಿಯುವ ಹೊತ್ತಿಗೆ ಬರದೇ ಹೋದರೆ? ಅವಳು ಕೋಟು ಹಾಕಿಕೊಂಡು ಹೊಸ್ತಿಲ ಮೇಲೇ ಹೋಗಿ ಕೂತಳು. ಈಗ ಬಂದಾರು, ಇನ್ನೇನು ಬಂದಾರು.

ಬೀದಿಯ ತಿರುವಿನಲ್ಲಿ ಮೊದಲು ಒಂದು ಮೂಟೆ ಕಾಣಿಸಿತು. ಮೂಟೆಯ ಕೆಳಗೆ ಎರಡು ಸಣ್ಣ ಕಾಲು. ಹಿಂದೆ ಕೋಲೂರಿಕೊಂಡು ರೆಜೆಪ್ ತಾತ.

"ಏನು ಭಾರ ಇದು! ಒಳಗೆ ಕಲ್ಲಿದೆಯಾ?" ಎನ್ನುತ್ತಾ ಮೂಟೆ ಕೆಳಗಿಳಿಯಿತು. ಹಿಂದಿನಿಂದ ರಾಂಗೆಲನ ಕೆಂಪಗಾದ ಮುಖ ಕಾಣಿಸಿತು. ನಾಯ್ದೆನಾಳನ್ನು ನೋಡಿ ಅದು ಇನ್ನಷ್ಟು ಕೆಂಪಾಯಿತು. "ಈ ತಾತ ನಾಯ್ದೆನಾ ಮನೆಗೆ ಹೋಗ್ಬೇಕು ಅಂದ್ರು. ಬೆಂಚಲ್ಲಿ ಕೂತಿದ್ರು, ಮಂಡಿ ನೋವು, ಏಳೋಕೇ ಆಗ್ತಿರ್ಲಿಲ್ಲ. ಅದಕ್ಕೆ..."

"ಎಲ್ಲಿ ಸಿಕ್ಕಿದ್ರು?" ಎಂದಳು ನಾಯ್ದೆನಾ.

ರಾಂಗೆಲ್ ಬೂಟಿನ ತುದಿ ನೋಡಿಕೊಂಡ. "ಬಸ್‌ಸ್ಟ್ಯಾಂಡಲ್ಲಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನಿಗೂ ಆಗಲಿಲ್ಲ.

ರೆಜೆಪ್ ತಾತ ಹೊಸ್ತಿಲ ಹೊರಗೇ ನಿಂತು, ಪ್ರತಿ ವರ್ಷದಂತೆ ಟೋಪಿ ತೆಗೆದು ಕೇಳಿದರು: "ನಮ್ಮಮ್ಮಂಗೆ ಸಿಕ್ಕಿದ ಹುಡುಗಿ ಮನೇಲಿದಾಳಾ?"

"ಇದೀನಪ್ಪಾ, ಇನ್ನೂ ಇದೀನಿ!" ಎಂದರು ಅಜ್ಜಿ ಒಳಗಿನಿಂದ. ಇದನ್ನೂ ಅವರು ಪ್ರತಿ ವರ್ಷ ಹೇಳುತ್ತಿದ್ದರು. ಅದೇನೆಂದು ನಾಯ್ದೆನಾಳಿಗೆ ಅರ್ಥವಾದದ್ದು ಈ ವರ್ಷ.

"ನಾನು ಹೊರಟೆ" ಎಂದ ರಾಂಗೆಲ್.

"ಹೊಸ್ತಿಲು ತುಳಿದೋನು ತಿನ್ನದೆ ಹೋಗೋ ಹಾಗಿಲ್ಲ. ಕೂತ್ಕೊಳೋ" ಎಂದರು ಅಜ್ಜಿ. ಪಿತ್ಕಾ ಮುರಿದರು, ಬಿಸಿ ಬಿಸಿ ದ್ಯೂಲ್ಯಾ ಬಂತು, ಅದರ ಹೊಟ್ಟೆಯಲ್ಲಿ ಆಕ್ರೋಟು, ಮೇಲೆ ಜೇನು. ರಾಂಗೆಲ್ ತುಂಡಿನ ಮೇಲೆ ತುಂಡು ತಿಂದ. ನಾಯ್ದೆನಾ ಲೆಕ್ಕ ಇಡಲಿಲ್ಲ.

"ನಿಮ್ಮ ಹೆಸರಿಗೆ ಏನರ್ಥ ತಾತ?" ಎಂದು ರಾಂಗೆಲ್ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಕೇಳಿದ. "ನಾಳೆ ಕ್ಲಾಸಲ್ಲಿ ಹೆಸರಿನ ಪಾಠ ಇದೆ."

"ನಮ್ಮಲ್ಲಿ ರೆಜೆಪ್ ಅಂದ್ರೆ ಒಂದು ಪುಣ್ಯದ ತಿಂಗಳು ಮಗಾ. ಆ ತಿಂಗಳಲ್ಲಿ ಹುಟ್ಟಿದೆ, ಅದಕ್ಕೆ ಆ ಹೆಸರು." ತಾತ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮಧ್ಯದಲ್ಲಿ ಕೆಲವು ವರ್ಷ ನಾನು ರೋಸೆನ್ ಆಗಿದ್ದೆ, ಗೊತ್ತಾ?"

"ಯಾಕೆ? ನಿಮಗೆ ಹಳೇ ಹೆಸರು ಬೇಡ ಅನ್ನಿಸ್ತಾ?" ಎಂದಳು ನಾಯ್ದೆನಾ.

"ನನ್ನ ಯಾರು ಕೇಳಿದ್ರು ಮಗಳೇ? ಆಗಿನ ಸರಕಾರ ಹುಕುಂ ಮಾಡ್ತು. ಟರ್ಕಿ ಹೆಸರು ಯಾರೂ ಇಟ್ಕೊಳ್ಳೋ ಹಾಗಿಲ್ಲ, ಎಲ್ಲರೂ ಬಲ್ಗೇರಿಯಾದ ಹೆಸರು ತಗೋಬೇಕು ಅಂತ. ಒಂದು ಬೆಳಿಗ್ಗೆ ಪೊಲೀಸ್ರು ಬಂದು ನಿಂತ್ರು. ಸಾಯಂಕಾಲದ ಹೊತ್ತಿಗೆ ನಾನು ರೋಸೆನ್, ನಮ್ಮಮ್ಮ ಎಲೆನಾ. ಯಾರಾದ್ರೂ 'ರೋಸೆನ್' ಅಂತ ಕೂಗಿದ್ರೆ ನಾನು ತಿರುಗಿ ನೋಡ್ತಾನೇ ಇರ್ಲಿಲ್ಲ. ನಮ್ಮಮ್ಮಂತೂ ಮನೆ ಬಿಟ್ಟು ಹೊರಗೆ ಹೋಗೋದನ್ನೇ ನಿಲ್ಲಿಸಿಬಿಟ್ಲು. ಆದ್ರೆ ಈ ದಿನ ಬಂತಲ್ಲ, ದ್ಯೂಲ್ಯಾ ಕಿತ್ತು ಮೂಟೆ ಕಟ್ಟಿದ್ಲು. ಇದೇ ಬೀದಿ. ಎಲ್ಲರ ಕಿಟಕೀಲೂ ಜನ. ನಿಮ್ಮಜ್ಜಿ ಗೇಟಿನ ಹತ್ರ ಬಂದು..."

ಅವರು ಒಂದು ಗುಟುಕು ಚಹಾ ಕುಡಿದರು.

"ಏನ್ ಮಾಡಿದ್ರಿ ಅಜ್ಜಿ?"

"ಏನಿಲ್ಲ ಕಣೇ. ಜೋರಾಗಿ ಕರೆದೆ, ಅಷ್ಟೆ. 'ಹತಿಜೆ ಅಮ್ಮಾ, ಬನ್ನಿ ಒಳಗೆ!' ಅಂತ. ನನ್ನ ಹೆಸರು ಅವಳು ಕೊಟ್ಟಿದ್ದು. ಅವಳ ಹೆಸರು ಕರೆಯೋದಕ್ಕೂ ನಂಗೆ ಧೈರ್ಯ ಇಲ್ಲ ಅಂದ್ರೆ ಹೇಗೆ?"

"ನಮ್ಮಮ್ಮ ಅಲ್ಲೇ ರಸ್ತೇಲಿ ಮೂಟೆ ಇಳಿಸಿ ಅತ್ತುಬಿಟ್ಲು" ಎಂದರು ರೆಜೆಪ್ ತಾತ. "ಆ ಸರಕಾರ ಬಿದ್ದ ಮೇಲೆ ಹೆಸರು ವಾಪಸ್ ಬಂತು ಅನ್ನಿ. ಅಲ್ಲೀತನಕ ಅದನ್ನ ಕಾಪಾಡಿದ್ದು ಈ ನಮ್ಮಕ್ಕ, ನಿಮ್ಮಜ್ಜಿ. ಮಂಡಿ ನೋವು ಅಂತ ಇಲ್ಲಿಗೆ ಬರದೇ ಇರೋಕಾಗುತ್ತಾ?"

ರಾಂಗೆಲ್ ಅಗಿಯುವುದನ್ನು ನಿಲ್ಲಿಸಿದ್ದ. ನಾಯ್ದೆನಾ ಅಜ್ಜಿಯ ಮುಖ ನೋಡಿದಳು. ಅವಳು ನಿಯಾ ಎಂದು ಕರೆಯಿರಿ ಎಂದದ್ದನ್ನು ಅಜ್ಜಿ ತಾತನಿಗೆ ಹೇಳಲಿಲ್ಲ. ಸುಮ್ಮನೆ ಇನ್ನೊಂದು ಹಣ್ಣನ್ನು ಅವಳ ತಟ್ಟೆಗೆ ಹಾಕಿದರು. ಅವಳಿಗೆ ಅಜ್ಜಿಯನ್ನು ತಬ್ಬಿಕೊಳ್ಳಬೇಕು ಎನಿಸಿತು. ತಬ್ಬಿಕೊಂಡೇಬಿಟ್ಟಳು.

ತಾತನನ್ನು ಸಂಜೆಯ ಬಸ್ ಹತ್ತಿಸಿ ಬಂದ ಮೇಲೆ ಅಜ್ಜಿ ಕೇಳಿದರು: "ಭಾನುವಾರ ಕಳೀತಲ್ಲ ಪುಟ್ಟಿ. ಏನಂತೀಯ? ಹೇಗೆ ಕರೀಲಿ?"

"ನಾಳೆ ಕ್ಲಾಸಿಗೆ ದ್ಯೂಲ್ಯಾ ಬೇಕು" ಎಂದಳು ಅವಳು. "ಎಲ್ಲರಿಗೂ ಎರಡೆರಡು ಹೋಳು. ಬೇಯ್ಸಿ ಕೊಡ್ತೀರಾ ಅಜ್ಜಿ?"

ಸೋಮವಾರ ದೊಡ್ಡ ಡಬ್ಬಿ ಹಿಡಿದುಕೊಂಡು, ನಿನ್ನೆ ತನ್ನ ಹೆಸರಿನ ಹಬ್ಬ ಎನ್ನುತ್ತಾ, ನಾಯ್ದೆನಾ ಬೆಂಚಿನಿಂದ ಬೆಂಚಿಗೆ ಹೋದಳು. "ಎರಡು ತಗೋಬೇಕು, ಎರಡು!"

"ನಾನು ನಿನ್ನೇನೇ ಹೋಗಿದ್ದೆ!" ಎಂದು ರಾಂಗೆಲ್ ಎಲ್ಲರಿಗೂ ಕೇಳುವಂತೆ ಹೇಳಿದ. "ಯಾರೂ ಕರೀದೇನೇ!" ಹೇಳುತ್ತಾ ಮೂರು ಹೋಳು ತೆಗೆದುಕೊಂಡ.

ಟೀಚರ್ ಒಂದು ಹೋಳು ಬಾಯಿಗಿಟ್ಟುಕೊಂಡು ಬೋರ್ಡಿನ ಮೂಲೆಗೆ ಹೋದರು. "ಹೆಸರಿನ ಹಬ್ಬ ಅಂದ್ಯಲ್ಲ, ಯಾವ ಸಂತರ ದಿನ ನಾಯ್ದೆನಾ? ಏನಂತ ಬರೀಲಿ?"

"ಸಂತರಲ್ಲ ಟೀಚರ್" ಎಂದಳು ಅವಳು. "ನಾನೇ ಬರೀಲಾ?"

ಟೀಚರ್ ಚಾಕ್‌ಪೀಸನ್ನು ಅವಳ ಕೈಗೆ ಕೊಟ್ಟರು. ಬೋರ್ಡಿನ ಮೂಲೆ ಸ್ವಲ್ಪ ಎತ್ತರದಲ್ಲಿತ್ತು. ಅವಳು ಕಾಲ್ಬೆರಳ ಮೇಲೆ ನಿಂತು ಮೊದಲು 'ಹತಿಜೆ' ಎಂದು ಬರೆದಳು. ಅದರ ಕೆಳಗೆ, ಉಳಿದಿದ್ದ ಜಾಗದಲ್ಲಿ, ತನ್ನ ಹೆಸರು ಬರೆದಳು.