ಕೆಂಪು ಪಟ್ಟಿ ಕಾಣಬಾರದು!

ಟಿಪ್ಪರ್ ನನ್ನ ಸ್ಕೂಟರಿನ ಹಿಂಬದಿಯನ್ನು ಇನ್ನೊಮ್ಮೆ ಮುಟ್ಟಿತು.

ಮುಟ್ಟಿತು ಅಷ್ಟೇ... ಗುದ್ದಲಿಲ್ಲ. ಗುದ್ದಿದ್ದರೆ ನಿಮಗೆ ಈ ಕತೆ ಹೇಳಲು ನಾನು ಉಳಿಯುತ್ತಿರಲಿಲ್ಲ!

"ಅಕ್ಕಾ, ಲೆಫ್ಟ್ ತಗೊಳ್ಳಿ! ಲೆಫ್ಟ್!" ಹಿಂದೆ ಕೂತಿದ್ದ ಮಹ್ವಿಶ್ ಕಿರುಚಿದಳು. ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದಳು.

"ಲೆಫ್ಟಲ್ಲಿ ಕೆರೆ ಐತೆ ಕಣಮ್ಮಿ!"

"ರೈಟು?"

"ರೈಟಲ್ಲಿ ಬಂಡೆ!"

ಕನಕಪುರ ಇನ್ನೂ ಎಂಟು ಕಿಲೋಮೀಟರ್. ಅಲ್ಲಿ ನನಗೆ ಗೊತ್ತಿರುವ ಲಾಯರ್ ಒಬ್ಬಳಿದ್ದಳು. ಅವಳ ಆಫೀಸ್ ಮುಟ್ಟಿದರೆ ಬಚಾವ್.

ತಿರುವಿನಲ್ಲಿ ಯಾರೋ ರಸ್ತೆ ತುಂಬ ರಾಗಿ ಹರಡಿದ್ದರು, ಓಡಾಡುವ ಗಾಡಿಗಳೇ ಒಕ್ಕಲಿ ಅಂತ. ಟಿಪ್ಪರಿಗೆ ಅದೊಂದು ಲೆಕ್ಕವೇ ಅಲ್ಲ. ನನ್ನ ಎರಡು ಚಕ್ರ ಮಾತ್ರ ಸರ್ರನೆ ಜಾರಿದವು.

ಬಿದ್ದೆವು!

ಕಣ್ಣು ಬಿಟ್ಟಾಗ ಇಬ್ಬರು ದಾಂಡಿಗರು ನಮ್ಮನ್ನು ಎತ್ತಿ ಟಿಪ್ಪರಿನ ಕ್ಯಾಬಿನ್ನಿಗೆ ತುಂಬುತ್ತಿದ್ದರು. ಮೂಟೆ ತುಂಬಿದ ಹಾಗೆ.

ನಾನು ರಾಧಾಮಣಿ. ಹನ್ನೊಂದು ವರ್ಷ ಪೊಲೀಸ್ ಕಾನ್‌ಸ್ಟೇಬಲ್. ಮೇಲಿನವನೊಬ್ಬ ಮೈ ಮುಟ್ಟಲು ಬಂದ, ಕೆನ್ನೆಗೆ ಬಾರಿಸಿದೆ, ಮನೆಗೆ ಕಳಿಸಿದರು. ಈಗ ರಾಮನಗರದಲ್ಲಿ ಮಹಡಿ ಮೇಲೊಂದು ರೂಮು, ಎರಡು ಕುರ್ಚಿ. ಊರವರ ತಲೆನೋವೇ ನನ್ನ ಕಸುಬು.

ಅವತ್ತು ಬೆಳಗ್ಗೆ ಎಂಟಕ್ಕೆ ಚನ್ನಪಟ್ಟಣದಿಂದ ಈ ಮಹ್ವಿಶ್ ಬಂದು ಎದುರು ಕೂತಳು. ಇಪ್ಪತ್ತೆಂಟು ವರ್ಷ. ಕೂತವಳೇ ಅಳಲು ಶುರು ಮಾಡಿದಳು.

"ನಾನು ಒಂದು ಸಿಎಸ್ಎಸ್ ಫ್ರೇಮ್‌ವರ್ಕ್ ಮಾಡಿದೀನಿ ಅಕ್ಕಾ. ಹೆಸರು 'ಒಸಿ', ಚೂರೇ ಚೂರು ಅಂತ. ವೆಬ್ ಪೇಜಿಗೆ ಬಣ್ಣ, ಅಳತೆ, ಯಾವುದು ಕಾಣಬೇಕು, ಯಾವುದು ಮರೆಯಾಗಬೇಕು... ಎಲ್ಲ ಅದೇ ಹೇಳೋದು. ಬೇರೆಯವರದ್ದು ಇನ್ನೂರು ಕೆಬಿ ತೂಗುತ್ತೆ. ನಂದು ಹತ್ತೇ ಕೆಬಿ. ಹಳ್ಳಿ ಸಿಗ್ನಲ್ಲಿಗೂ ತಟ್ಟಂತ ಬರುತ್ತೆ."

"ಒಳ್ಳೇದೇ ಅಲ್ವಾ? ಅಳ್ತಾ ಇರೋದ್ಯಾಕೆ?"

"ಕಲ್ಲು ಕ್ವಾರಿಯವರು ಫೋನ್ ಮಾಡ್ತಿದಾರೆ. ಅವರು ಹೇಳಿದ ಒಂದು ಸಾಲು ಅಪ್‌ಡೇಟಲ್ಲಿ ಹಾಕಬೇಕಂತೆ. ಇಲ್ಲಾಂದ್ರೆ ಕೈಕಾಲು ಮುರೀತಾರಂತೆ."

ನಾನು ಸ್ಕೂಟರ್ ಕೀ ತಗೊಂಡೆ. ಮುಂದಿನದ್ದು ನೋಡಿದಿರಲ್ಲ!

ಟಿಪ್ಪರ್ ನಮ್ಮನ್ನು ತಂದು ಇಳಿಸಿದ್ದು ಕ್ವಾರಿ ಅಂಚಿನ ತಗಡಿನ ಚಪ್ಪರದಲ್ಲಿ. ಒಂದು ಮೇಜು. ಆಚೆ ನೂರಡಿ ಆಳದ ಗುಂಡಿ, ತಳದಲ್ಲಿ ಹಸಿರು ನೀರು. ಮ್ಯಾನೇಜರ್ ನಾಗರಾಜು ಎಳನೀರು ಕುಡಿಯುತ್ತಿದ್ದ.

"ಬನ್ನಿ ಬನ್ನಿ. ಏಟು ಬಿತ್ತಾ? ಚೆ..."

"ನಾಟಕ ಬುಡು. ಏನ್ ಬೇಕು?"

ಅವನು ಒಂದು ಚೀಟಿ ಮೇಜಿನ ಮೇಲಿಟ್ಟ. ಇಂಗ್ಲಿಷಿನಲ್ಲಿ ಒಂದೇ ಸಾಲು. ಬೆಂಗಳೂರಿನ ಯಾರೋ ಬರೆದುಕೊಟ್ಟಿದ್ದು.

ವಿಷಯ ಇಷ್ಟು. ಕ್ವಾರಿ ಸುತ್ತಲಿನ ಹಳ್ಳಿಯವರು ಒಂದು ವೆಬ್ ಪೇಜ್ ನಡೆಸುತ್ತಿದ್ದರು. ಬಂಡೆಗೆ ಮದ್ದು ತುಂಬಿದ ಕೂಡಲೇ ಒಳಗಿನ ಕೆಲಸಗಾರನೊಬ್ಬ ಗುಟ್ಟಾಗಿ ಅದರಲ್ಲಿ ಬರೆಯುತ್ತಿದ್ದ. ಪೇಜಿನ ನೆತ್ತಿಯಲ್ಲಿ ಕೆಂಪು ಪಟ್ಟಿ ಏಳುತ್ತಿತ್ತು. ಅದನ್ನು ನೋಡಿ ಕುರಿ ಮೇಯಿಸುವವರು ಬಂಡೆ ಇಳಿಯುತ್ತಿದ್ದರು. ಉಳಿದವರು ಬಂದು ಕ್ವಾರಿ ರಸ್ತೆಯಲ್ಲಿ ಕೂರುತ್ತಿದ್ದರು. ಪರ್ಮಿಟ್ ಇಲ್ಲದ ಬ್ಲಾಸ್ಟ್ ನಿಲ್ಲುತ್ತಿತ್ತು.

ಬರೆಯುವವನು ಯಾರು, ಪೇಜ್ ನಡೆಸುವವರು ಯಾರು... ನಾಗರಾಜುವಿಗೆ ಗೊತ್ತಿರಲಿಲ್ಲ. ಆದರೆ ಪೇಜಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಹೆಸರು ಸಿಕ್ಕಿತು. ಒಸಿ, ಮಹ್ವಿಶ್, ಚನ್ನಪಟ್ಟಣ!

"ಈ ಸಾಲು ಸೇರಿದ್ರೆ ಸುದ್ದಿ ಪೇಜಲ್ಲೇ ಇರುತ್ತೆ, ಯಾರ ಕಣ್ಣಿಗೂ ಬೀಳಲ್ಲ," ಮಹ್ವಿಶ್ ನನಗೆ ಹೇಳಿದಳು.

"ಅವ್ರ ಪೇಜಿಗೂ ನಿನ್ ಕಂಪ್ಯೂಟರಿಗೂ ಏನಮ್ಮಿ ಸಂಬಂಧ?"

"ನನ್ನ ಫೈಲನ್ನ ತಮ್ಮಲ್ಲಿ ಇಳಿಸ್ಕೊಂಡಿದ್ರೆ ಸಂಬಂಧ ಇರ್ತಿರಲಿಲ್ಲ. ಸುಮ್ನೆ ಲಿಂಕ್ ಹಾಕಿದಾರೆ. ನಾನು ಬದಲಾಯಿಸಿದ ನಿಮಿಷಕ್ಕೆ ಅಲ್ಲೂ ಬದಲಾಗುತ್ತೆ. ಹೇಳಿ ಹೇಳಿ ಸಾಕಾಯ್ತು, ಎಲ್ಲಾರೂ ಇದೇ ತಪ್ಪು ಮಾಡ್ತಾರೆ."

"ಹನ್ನೆರಡಕ್ಕೆ ದೊಡ್ ಬ್ಲಾಸ್ಟ್ ಐತೆ," ನಾಗರಾಜು ವಾಚು ನೋಡಿದ. "ಹನ್ನೊಂದೂವರೆಗೆ ಮದ್ದು ತುಂಬ್ತೀವಿ. ಅಷ್ಟೊತ್ತಿಗೆ ಸಾಲು ಸೇರಿರಬೇಕು. ಕೆಂಪು ಪಟ್ಟಿ ಕಾಣಬಾರದು!"

"ಬಂಡೆ ಮ್ಯಾಲೆ ಕುರಿಯವ್ರು ಅವ್ರಲ್ಲೋ?"

"ಅದು ಅವ್ರ ಹಣೇಬರ."

ನಾನು ಮೇಜು ಗುದ್ದಿದೆ. "ಮಹ್ವಿಶ್, ಒಂದಕ್ಷರ ಟೈಪ್ ಮಾಡಬ್ಯಾಡ!"

ನಾಗರಾಜು ಕಣ್ಣು ಸನ್ನೆ ಮಾಡಿದ. ದಾಂಡಿಗರಲ್ಲೊಬ್ಬ ನನ್ನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದ. ಇನ್ನೊಬ್ಬ ಕಬ್ಬಿಣದ ರಾಡ್ ಎತ್ತಿದ.

"ಮುರಿಯೋ! ಇನ್ನೊಂದ್ ಕೈ ಐತೆ ನಂಗೆ!"

ಮುರಿದ.

ಸದ್ದು ನನಗೇ ಕೇಳಿಸಿತು. ಕಣ್ಣು ಕತ್ತಲಿಟ್ಟಿತು. ಮಹ್ವಿಶ್ ಅಳುತ್ತ ಲ್ಯಾಪ್‌ಟಾಪ್ ತೆರೆದಳು.

"ಹಾಕ್ತೀನಿ... ಹಾಕ್ತೀನಿ, ಬಿಡಿ ಅವರನ್ನ!"

ಟೈಪ್ ಮಾಡಿದಳು. ಚೀಟಿಯನ್ನೂ ಸ್ಕ್ರೀನನ್ನೂ ನಾಗರಾಜು ಅಕ್ಷರ ಅಕ್ಷರ ತಾಳೆ ನೋಡಿದ. ಅವಳು ಬಟನ್ ಒತ್ತಿದಳು. ಸ್ಕ್ರೀನಿನಲ್ಲಿ ಕೆಂಪಕ್ಷರ ಬಂತು.

"ಏನದು?"

"ತಗೊಳ್ತಿಲ್ಲ. ಹತ್ತು ಕೆಬಿ ದಾಟಿದ್ರೆ ಅಪ್‌ಡೇಟ್ ಹೋಗದೇ ಇರೋ ಹಾಗೆ ನಾನೇ ಕಟ್ಟಿದೀನಿ. ಹೊಸದು ಒಂದು ಸೇರಿಸಿದ್ರೆ ಹಳೇದು ಒಂದು ತೆಗೀಲೇಬೇಕು. ಮೂರು ವರ್ಷದಿಂದ ಇದೇ ರೂಲ್ಸು."

"ನಿನ್ ರೂಲ್ಸಿಗೆ ಬೆಂಕಿ ಬೀಳ! ಏನ್ ತೆಗೀತೀಯೋ ತೆಗಿ! ಹನ್ನೊಂದು ಇಪ್ಪತ್ತೈದಾಯ್ತು!"

ಮಹ್ವಿಶ್ ಅಳು ನಿಲ್ಲಿಸಿದಳು. ನನ್ನ ಕೈ ನೋಡಿದಳು. ಆಮೇಲೆ ಬಂಡೆಯ ಕಡೆ ನೋಡಿದಳು. ಮೇಲೆ ಕುರಿಗಳು ಬಿಳಿ ಚುಕ್ಕಿಯ ಹಾಗೆ ಚೆಲ್ಲಿಕೊಂಡಿದ್ದವು.

"ತೆಗೀತೀನಿ," ಅಂದಳು.

ಎರಡು ಕೀ ಒಟ್ಟಿಗೆ ಒತ್ತಿದಳು. ಇಡೀ ಫೈಲು ನೀಲಿಯಾಯಿತು. ಇನ್ನೊಂದು ಕೀ. ಸ್ಕ್ರೀನ್ ಖಾಲಿ! ಮೂರು ವರ್ಷದ ಕೆಲಸ, ನಾಗರಾಜುವಿನ ಸಾಲು, ಎಲ್ಲವೂ ಖಾಲಿ! ಪಬ್ಲಿಶ್ ಒತ್ತಿದಳು. ಈ ಸಲ ಹಸಿರು ಟಿಕ್ ಬಂತು.

"ಏಯ್! ಏನ್ ಮಾಡ್ದೆ?"

ಮಹ್ವಿಶ್ ಎದ್ದು ನಿಂತಳು. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಗುಂಡಿಗೆ ಬೀಸಿ ಒಗೆದಳು! ಎಷ್ಟೋ ಹೊತ್ತಾದ ಮೇಲೆ ಕೆಳಗೆ ನೀರು ಚಳ್ಳೆಂದಿತು.

"ಇನ್ನು ಇಲ್ಲಿಂದ ನನಗೂ ವಾಪಸ್ ಹಾಕೋಕಾಗಲ್ಲ," ಅಂದಳು. "ಕೊಲ್ತೀಯಾ? ಕೊಲ್ಲು!"

ನಾಗರಾಜು ಗಡಬಡಿಸಿ ಮೊಬೈಲ್ ತೆಗೆದ. ಪೇಜ್ ತೆರೆಯಿತು. ಬಣ್ಣವಿಲ್ಲ, ಪಟ್ಟಿಯಿಲ್ಲ... ಬಿಳಿ ಮೇಲೆ ಕಪ್ಪಕ್ಷರ, ಅಷ್ಟೇ. ಹನ್ನೊಂದು ಮೂವತ್ತೆರಡಕ್ಕೆ ನೆತ್ತಿಯಲ್ಲಿ ಹೊಸ ಸಾಲೊಂದು ಬಂತು. 'ಹನ್ನೆರಡಕ್ಕೆ ಬ್ಲಾಸ್ಟ್. ಬಂಡೆ ಇಳಿಯಿರಿ.'

"ಕಾಣ್ತಾ ಐತಲ್ಲೇ!"

"ಮರೆ ಮಾಡೋದೂ ಸಿಎಸ್ಎಸ್ಸೇ ಅಲ್ವಾ? ಅದನ್ನೇ ತೆಗೆದೆ. ಕೆಳಗೂ ನೋಡಿ."

ನೋಡಿದ. ಬಟನ್ ಒತ್ತಿದರೆ ಮಾತ್ರ ಬಿಚ್ಚಿಕೊಳ್ಳುತ್ತಿದ್ದ ಹಳೆಯ ಸುದ್ದಿಗಳೆಲ್ಲ ತಾವಾಗಿಯೇ ಬಿಚ್ಚಿಕೊಂಡಿದ್ದವು. ಮೂರು ತಿಂಗಳ ಕಳ್ಳ ಬ್ಲಾಸ್ಟಿನ ತಾರೀಕು, ಟಿಪ್ಪರ್ ನಂಬರು, ಫೋಟೋ... ಒಂದರ ಕೆಳಗೊಂದು!

ಅವನು ಮಹ್ವಿಶ್ ಮೇಲೆ ಕೈ ಎತ್ತಿದ. ನಾನು ಮೇಜಿಗೆ ಒದ್ದೆ. ಅದು ಅವನ ಹೊಟ್ಟೆಗೆ ಬಡಿಯಿತು. ರಾಡ್ ಹಿಡಿದವನು ನನ್ನ ಕಡೆ ತಿರುಗಿದ...

ಅಷ್ಟರಲ್ಲಿ ರಸ್ತೆ ಕಡೆಯಿಂದ ಗದ್ದಲ!

ಮುಂದೆ ಹಳ್ಳಿಯ ಕುರಿಯವಳು ಗಂಗಲಕ್ಷ್ಮಮ್ಮ (ಹೆಸರು ಆಮೇಲೆ ಗೊತ್ತಾಯಿತು), ಕೈಯಲ್ಲಿ ಕುರಿ ಕೋಲು. ಹಿಂದೆ ಇನ್ನೂರು ಜನ. ಹಿಂದೆಲ್ಲ ಕೆಂಪು ಪಟ್ಟಿ ನೋಡಿ ಬರುತ್ತಿದ್ದವರು ನಲವತ್ತೇ ಜನವಂತೆ.

"ಏನ್ಲಾ ನಾಗರಾಜು! ಪೇಜೆಲ್ಲ ಬೆಳ್ಳಗಾಗೋಯ್ತು, ಏನೋ ಮಸಲತ್ತು ನಡ್ದೈತೆ ಅಂತ ಊರಿಗೂರೇ ಬಂದ್ಬುಟ್ವಿ! ಯಾರವ್ವಾ ಇದು, ಕೈ ಮುರ್ದವ್ರೆ? ಆ ರಾಡು ಕೆಳಗಾಕ್ಲಾ!"

ರಾಡ್ ಕೆಳಗೆ ಬಿತ್ತು. ಬಂಡೆ ಮೇಲಿಂದ ಕುರಿಗಳು ಇಳಿಯುತ್ತಿದ್ದವು. ಹನ್ನೆರಡಾಯಿತು... ಹನ್ನೆರಡೂ ಕಾಲಾಯಿತು. ಬಂಡೆ ಸಿಡಿಯಲಿಲ್ಲ. ಒಂದು ಗಂಟೆಗೆ ಪೊಲೀಸ್ ಜೀಪು ಬಂತು. ನನ್ನ ಹಳೇ ಇಲಾಖೆಯವರು ಲೇಟಾದರೂ ಬಂದರು.

ಸಂಜೆ ರಾಮನಗರದ ಆಸ್ಪತ್ರೆಯಲ್ಲಿ ನನ್ನ ಕೈಗೆ ಪ್ಲಾಸ್ಟರ್ ಹಾಕಿದರು. ಪಕ್ಕದಲ್ಲಿ ಮಹ್ವಿಶ್ ಮೊಬೈಲಿನಲ್ಲಿ ಮೇಲ್ ಓದುತ್ತಿದ್ದಳು. ಒಸಿಗೆ ಲಿಂಕ್ ಹಾಕಿದ್ದ ಸಾವಿರದ ಒಂಬೈನೂರು ಸೈಟುಗಳು ಮಧ್ಯಾಹ್ನದಿಂದ ಬಣ್ಣ ಕಳೆದುಕೊಂಡು ನಿಂತಿದ್ದವು. ಬೈಗುಳದ ಸುರಿಮಳೆ!

"ಮೂರು ವರ್ಷದಲ್ಲಿ ಒಬ್ಬರ ಪೇಜೂ ಕೆಡಿಸಿರಲಿಲ್ಲ ಅಕ್ಕಾ. ಇನ್ನು ನನ್ನ ಯಾರೂ ನಂಬಲ್ಲ." ಕಣ್ಣೊರೆಸಿಕೊಂಡಳು. "ಇವನೊಬ್ಬ ಕೇಳ್ತಿದಾನೆ, ಇದಕ್ಕೆ ಯಾರು ಹೊಣೆ ಅಂತ."

"ಏನ್ ಬರೀತೀಯ?"

"ನಾನೇ ಅಂತ. ಬೇಕಾದ್ರೆ ನಾಳೇನೂ ಮಾಡ್ತೀನಿ ಅಂತ."

"ಕೆಳಗೆ ನನ್ ಅಡ್ರೆಸ್ಸೂ ಹಾಕು," ಅಂದೆ. "ಜಗಳಕ್ಕೆ ಬರೋರು ಬರ್ಲಿ... ಎಡಗೈ ಇನ್ನೂ ಖಾಲಿ ಐತೆ!"