ಸುಕ್ಕುಪೊರೆಯ ಕೊಳಲು

ಬಹಳ ಹಿಂದೆ, ಚೀನಾ ದೇಶದ ಬಿದಿರುಕಾಡುಗಳ ನಡುವೆ ಜೂಶಾನ್ ಎಂಬ ರಾಜ್ಯವಿತ್ತು. ಶೂಪಿಂಗ್ ಎಂಬಾಕೆ ಕೊಳಲೂದಿದ ಮೇಲೆಯೇ ಅಲ್ಲಿ ಹೊಸ ವರ್ಷ ಹುಟ್ಟುತ್ತಿತ್ತು. ಆಕೆ ಹಬ್ಬದ ಹಾಡು ನುಡಿಸಿದಳೆಂದರೆ ಮುದುಕರ ಮಂಡಿಯೂ ಸುಮ್ಮನಿರುತ್ತಿರಲಿಲ್ಲ.

ಇದನ್ನು ಸಹಿಸದವನೊಬ್ಬನಿದ್ದ, ಮಾಂತ್ರಿಕ ಹೈಮು. ಸದಾ ಹರಳೆಣ್ಣೆ ಕುಡಿದ ಮುಖ. ಒಂದು ಹೊಸ ವರ್ಷದ ಹಬ್ಬದ ಬೆಳಿಗ್ಗೆ, ಆಕೆ ಕೊಳಲೂದುವ ಮೊದಲೇ ಬಂದು ಶೂಪಿಂಗಳನ್ನು ಕಲ್ಲು ಮಾಡಿದ. "ಹದಿನೈದು ದಿನದೊಳಗೆ ಇವಳ ಹಬ್ಬದ ಹಾಡಿಗೇ ನನ್ನನ್ನು ಕುಣಿಸಿ. ಇಲ್ಲದಿದ್ದರೆ ಇವಳು ಎಂದೆಂದಿಗೂ ಕಲ್ಲೇ" ಎಂದು ಹೇಳಿ ಬೆಟ್ಟ ಹತ್ತಿದ.

ಶೂಪಿಂಗಳ ಮಗಳು ರುವೊಲಾನ್ ಅಮ್ಮನ ಕೊಳಲು ಹಿಡಿದು ಬಾವೊ ತಾತನ ಬಳಿ ಓಡಿದಳು. ಅಮ್ಮನಿಗೂ ಕಲಿಸಿದ ಗುರು ಆತ. ಹತ್ತು ದಿನ ಅವಳ ಉಸಿರು, ಬೆರಳು, ನಾಲಿಗೆ ಮೂರನ್ನೂ ಪಳಗಿಸಿದ. ಹನ್ನೊಂದನೆಯ ದಿನ, "ಈಗ ಪೊರೆ ಅಂಟಿಸು" ಎಂದ. ಅಲ್ಲಿಯ ಕೊಳಲಿಗೆ ಒಂದು ತೂತು ಹೆಚ್ಚು. ಅದರ ಮೇಲೆ ಜೊಂಡಿನೊಳಗಿನ ತೆಳುಪೊರೆಯನ್ನು ಬೆಳ್ಳುಳ್ಳಿ ರಸದಲ್ಲಿ ಅಂಟಿಸಬೇಕು.

"ಸುಕ್ಕು ಸುಕ್ಕಾಗಿ ಅಂಟಿಸು ಮಗಳೇ."

"ಚೆನ್ನಾಗಿ ಕಾಣಲ್ಲ ತಾತ" ಎಂದಳು. ತಾತ ಅತ್ತ ತಿರುಗಿದ್ದೇ ತಡ, ಪೊರೆಯನ್ನು ಬಿಗಿಯಾಗಿ ಎಳೆದು ನುಣ್ಣಗೆ ಅಂಟಿಸಿಬಿಟ್ಟಳು. ಅತಿ ಜಾಣೆ ನೋಡಿ!

ಕೊಳಲು ಹಿಡಿದು ಹೈಮುವಿನ ಬೆಟ್ಟಕ್ಕೆ ಹೊರಟಳು. ಬೆಟ್ಟದ ಬುಡದಲ್ಲಿ ಮಾಯದ ಹುಲಿ ದಾರಿಗೆ ಅಡ್ಡವಾಗಿ ಮಲಗಿತ್ತು. ರುವೊಲಾನ್ ನುಡಿಸಿದಳು. ಸ್ವರ ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಹುಲಿ ಆಕಳಿಸಿತು.

"ಇದು ಹಬ್ಬವೋ ತಿಥಿಯೋ?" ಎಂದು ಕೇಳಿತು.

ಅಮ್ಮ ಕಲ್ಲಾಗಿಯೇ ಉಳಿದುಬಿಡುತ್ತಾಳಲ್ಲ ಎಂದು ಹುಡುಗಿಗೆ ಅಳು ಬಂತು. ಅಳುತ್ತಲೇ ಪೊರೆ ಕಿತ್ತಳು, ಗಂಟಿನಲ್ಲಿದ್ದ ಇನ್ನೊಂದನ್ನು ತಾತ ಹೇಳಿದಂತೆ ಸುಕ್ಕು ಸುಕ್ಕಾಗಿ ಕೂರಿಸಿದಳು. ಊದಿದರೆ ಕೊಳಲು ಝುಂಯ್ಯೆಂದು ನಡುಗಿ ನಕ್ಕಿತು. ಹುಲಿ ಬಾಲ ಕುಣಿಸುತ್ತ ದಾರಿ ಬಿಟ್ಟಿತು. ಮೇಲಿನ ಸರೋವರದಲ್ಲಿ ಕಬ್ಬಿಣದ ಕೊಕ್ಕರೆ ಕಾವಲಿತ್ತು. ಅದೂ ಕುಣಿಯಿತು, ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಆಚೆ ದಡ ಮುಟ್ಟಿಸಿತು.

ಹದಿನೈದನೆಯ ದಿನ ಹೈಮು ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದ. ಆದರೇನು? ಆ ನಾದ ನೆಲದಿಂದ ಪಾದಕ್ಕೇರಿತು. ಮೊದಲು ಹೆಬ್ಬೆರಳು, ಆಮೇಲೆ ಮಂಡಿ, ಆಮೇಲೆ ಮಾಂತ್ರಿಕನೇ ಎದ್ದು ಕುಣಿದ. ಕುಣಿಕುಣಿದು ಅವನ ಮಂತ್ರವೆಲ್ಲ ಬೆವರಾಗಿ ಹರಿದುಹೋಯಿತು.

ಊರಲ್ಲಿ ಕಲ್ಲು ಉಸಿರಾಡಿತು. ರುವೊಲಾನ್ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. ಜನ ಅವಳ ಕೈಯ ಕೊಳಲನ್ನು ತೆಗೆದು ಶೂಪಿಂಗಳ ಮುಂದೆ ಹಿಡಿದರು. ಆಕೆ ಮುಟ್ಟಲಿಲ್ಲ. ಪಕ್ಕದಲ್ಲಿದ್ದ ಡೋಲನ್ನು ಕೊರಳಿಗೆ ಹಾಕಿಕೊಂಡಳು.

"ನನಗ್ಯಾಕೆ ಕೊಡ್ತೀರಿ? ಈ ರಾಜ್ಯದಲ್ಲಿ ಇನ್ನು ಹಬ್ಬದ ಕೊಳಲು ಊದೋಳು ನನ್ನ ಮಗಳು. ಊದು ತಾಯಿ, ನಾನು ಡೋಲು ಬಡಿತೀನಿ."

ಮಗಳು ಊದಿದಳು, ತಾಯಿ ಬಡಿದಳು, ಹೊಸ ವರ್ಷ ಹುಟ್ಟಿತು. ಅವರೆಲ್ಲ ನೂರು ಹಬ್ಬ ಕಂಡು ಸುಖವಾಗಿದ್ದರು.