ಗಾಜಿನ ಕಡಲಿಗೆ ಬಿದ್ದ ಬೂದಿ

ಬಹಳ ಕಾಲದ ಹಿಂದೆ, ಕಡಲು ನೋಡಬೇಕಾದರೆ ಕುದುರೆಯ ಮೇಲೆ ಒಂದು ತಿಂಗಳು ಸಾಗಬೇಕಾದಷ್ಟು ದೂರದಲ್ಲಿ ಕಣಗಿಲೆ ಎಂಬ ರಾಜ್ಯವಿತ್ತು. ಅಲ್ಲಿನ ರಾಜ ಗುಣಧವಳನಿಗೆ ಇಬ್ಬರು ಮಕ್ಕಳು. ದೊಡ್ಡವಳು ಇಂದುಕಲೆ, ಚಿಕ್ಕವನು ಜಯಂಧರ. ಇಂದುಕಲೆ ಅರಮನೆಯ ಹಿಂದೆ ಒಂದು ತಾವರೆಗೊಳ ಮಾಡಿದ್ದಳು. ಕೆಸರು ತುಳಿದವಳು ಅವಳೇ, ಗಡ್ಡೆ ನೆಟ್ಟವಳು ಅವಳೇ. ದಿನಾ ಬೆಳಗ್ಗೆ ರಾಜ ಬಂದು ಕೊಳದ ಮೆಟ್ಟಿಲ ಮೇಲೆ ಕುಳಿತು, "ಇವತ್ತು ಯಾವುದು ಅರಳಿತು ಮಗಳೇ?" ಎಂದು ಕೇಳುತ್ತಿದ್ದ. ಅವಳಿಗೆ ಅಷ್ಟು ಸಾಕಾಗಿತ್ತು.

ಹೀಗಿರುವಾಗ ಜಯಂಧರ ಕಡಲರಾಜನ ಮಗಳು ಪವಳೆಯನ್ನು ಮದುವೆಯಾಗಿ ಕರೆತಂದ. ಕಡಲಿನವರು ನೆಲದ ಮೇಲೆ ಬಾಳಬೇಕಾದರೆ ಹತ್ತಿರದಲ್ಲೇ ಒಂದಿಷ್ಟು ಕಡಲು ಇರಬೇಕು. ಅದಕ್ಕೆಂದು ಕಡಲರಾಜ ಹನ್ನೆರಡು ಮುಗಿಲಾನೆಗಳನ್ನು ಕಳಿಸಿದ. ಅವು ಸೊಂಡಿಲ ತುಂಬ ಉಪ್ಪುನೀರು ಹೊತ್ತು ಮೋಡದ ಮೇಲೆ ನಡೆದುಬಂದವು. ಅರಮನೆಯ ಅಂಗಳದಲ್ಲಿ ಆಳೆತ್ತರದ ಗಾಜಿನ ಗೋಡೆ ಎದ್ದಿತು. ಅದರೊಳಗೆ ನೀರು ಸುರಿದು, ಬಂಡೆ ಜೋಡಿಸಿ, ಬಂಡೆಯ ಮೇಲೆ ಹವಳಗಳನ್ನು ಕೂರಿಸಿ, ಬೆಳಕಿಗೆಂದು ಮೇಲೊಂದು ಸೂರ್ಯಮಣಿ ತೂಗಿಬಿಟ್ಟರು. ನಡುಬಂಡೆಯ ಕೆಂಪು ಹವಳದಲ್ಲಿ ಪವಳೆಯ ಉಸಿರಿತ್ತು. ಅದು ಅವಳಿಗೂ ಅವಳ ಗಂಡನಿಗೂ ಬಿಟ್ಟರೆ ಬೇರೆ ಯಾರಿಗೂ ತಿಳಿದಿರಲಿಲ್ಲ.

"ಈ ಕಡಲು ಇನ್ನೂ ಹಸುಗೂಸು. ಜೋಪಾನ ಮಾಡಿ. ಕಷ್ಟ ಬಂದರೆ ಕೂಗಿ," ಎಂದು ಹೇಳಿ ಆನೆಗಳು ಹೊರಟುಹೋದವು.

ಮರುದಿನ ರಾಜ ತಾವರೆಗೊಳಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೆಯ ದಿನ ಇಂದುಕಲೆ ತಾನೇ ಅರಳಿದ ಹೂವೊಂದನ್ನು ಹಿಡಿದು ಅಂಗಳಕ್ಕೆ ಹೋದಳು. ರಾಜ ಗಾಜಿಗೆ ಮೂಗು ಒತ್ತಿ ನಿಂತಿದ್ದ. ಪಕ್ಕದಲ್ಲಿ ಪವಳೆ ಬೆರಳು ತೋರಿಸಿ ಒಂದೊಂದು ಮೀನಿನ ಹೆಸರು ಹೇಳುತ್ತಿದ್ದಳು.

"ಅಪ್ಪಾ, ನೋಡು, ನೂರು ದಳದ್ದು," ಎಂದಳು ಇಂದುಕಲೆ.

ರಾಜ ಒಂದು ಕಣ್ಣಿನಲ್ಲಿ ನೋಡಿದ. "ಚೆನ್ನಾಗಿದೆ, ಚೆನ್ನಾಗಿದೆ. ಆದರೆ ಇಲ್ಲಿ ನೋಡು ಮಗಳೇ! ನಿನ್ನ ಹೂವು ಸುಮ್ಮನೆ ಕೂತಿರುತ್ತೆ, ಇವಳ ಹವಳದ ಹೂವು ಕೈ ಬೀಸಿ ಕರೆಯುತ್ತೆ!"

ಇಂದುಕಲೆಯ ಹೊಟ್ಟೆಯೊಳಗೆ ಯಾರೋ ಕೆಂಡ ಇಟ್ಟಂತಾಯಿತು. ಪವಳೆ ನಕ್ಕರೆ ಉರಿ, ಪವಳೆ ಸುಮ್ಮನಿದ್ದರೂ ಉರಿ. ಅಡುಗೆಯವರು ಪವಳೆಗೆಂದು ಪಾಯಸಕ್ಕೆ ಉಪ್ಪು ಹಾಕಿದರೂ ಉರಿ.

ಒಂದು ಮಧ್ಯಾಹ್ನ ಅವಳು ಊರಾಚೆಯ ಪಾಳುಬಾವಿಯ ಕಟ್ಟೆಯ ಮೇಲೆ ಕುಳಿತು ತನ್ನ ಉರಿಯನ್ನೆಲ್ಲ ಹೇಳಿಕೊಂಡು ಅಳುತ್ತಿದ್ದಳು. ಆ ಬಾವಿಯಲ್ಲಿ ಪಾಚಿಗಣ್ಣ ಎಂಬ ಮಾಂತ್ರಿಕ ವಾಸವಾಗಿದ್ದ. ಒದ್ದೆ ಬಟ್ಟೆಯಂತೆ ತೆಳ್ಳಗಿನ ಮೈ, ಹಸಿರು ಕಣ್ಣು. ಅವನು ನೀರಿನಿಂದ ಮೇಲೆದ್ದು ಒಂದು ಚೀಲ ಚಾಚಿದ.

"ತಗೋ ತಾಯಿ. ಮೂಳೆಯ ಬೂದಿ. ಆ ಗಾಜಿನ ಕಡಲಿನ ನೀರಿಗೆ ಹಾಕು. ಒಂಚೂರು ಮಂಕಾಗುತ್ತೆ, ಅಷ್ಟೇ. ಯಾರಿಗೂ ಏನೂ ಆಗಲ್ಲ."

"ಮಂಕಾದರೆ ಸಾಕು," ಎಂದಳು ಇಂದುಕಲೆ. ಅಂದೇ ಸಂಜೆ ಯಾರೂ ಇಲ್ಲದಾಗ ಚೀಲವನ್ನು ಪೂರ್ತಿ ನೀರಿಗೆ ಸುರಿದಳು.

ನಾಲ್ಕೇ ದಿನದಲ್ಲಿ ಬಂಡೆಯ ಮೇಲೆ, ಮರಳಿನ ಮೇಲೆ, ಗಾಜಿನ ಮೇಲೆ ಕಂದು ಧೂಳು ಕವಿಯಿತು. "ಕಡಲು ಅಂದರು, ಕಲಗಚ್ಚು ಆಯಿತಲ್ಲ!" ಎಂದು ದಾಸಿಯರು ನಕ್ಕರು. ಅಂದು ಇಂದುಕಲೆ ಎರಡು ಹೊತ್ತಿನ ಊಟವನ್ನು ಒಂದೇ ಹೊತ್ತಿಗೆ ಉಂಡಳು.

ಐದನೆಯ ದಿನ ಪವಳೆ ನಡೆಯುತ್ತ ನಡೆಯುತ್ತಲೇ ಕುಸಿದುಬಿದ್ದಳು. ಜಯಂಧರ ಅವಳನ್ನು ಗಾಜಿನ ಗೋಡೆಯ ಪಕ್ಕ ಮಲಗಿಸಿ, "ಅಕ್ಕಾ, ಆ ಕೆಂಪು ಹವಳ ಸತ್ತರೆ ಇವಳೂ ಉಳಿಯಲ್ಲ," ಎಂದು ಮಗುವಿನಂತೆ ಅತ್ತ.

ಇಂದುಕಲೆ ಅಲ್ಲಿ ನಿಲ್ಲಲಿಲ್ಲ. ಅವಳು ಬಾವಿಗೆ ಓಡಿದಳು. ಪಾಚಿಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ನೂ ಕಂದು ಹಾವಸೆ, ಆ ಧೂಳಿನಂಥ ಪಾಚಿ ಮಾತ್ರ ಬಂದಿದೆ. ಆಮೇಲೆ ಹಸಿರು ಬರುತ್ತೆ, ಆಮೇಲೆ ಕೆಂಪು. ಕೆಂಪು ಹಾಸು ಆ ಹವಳವನ್ನು ಮುಚ್ಚಿದ ದಿನ ಆ ಕಡಲು ನನ್ನದು. ಈ ಬಾವಿ ನನಗೆ ಸಾಕಾಗಿಹೋಗಿದೆ!"

ಯಾರಿಗೂ ಹೇಳುವ ಧೈರ್ಯವಾಗದೆ ಇಂದುಕಲೆ ಗಾಜಿನ ಕಡಲಿಗಿಳಿದು ಅಂಗೈಯಿಂದ ಧೂಳು ಉಜ್ಜಿದಳು. ಉಜ್ಜಿದಷ್ಟೂ ಅದು ಎದ್ದು ಮತ್ತೆ ಹವಳದ ಮೇಲೇ ಕೂತಿತು. ಆಗ ಬಂಡೆಯ ಬುಡದಲ್ಲಿದ್ದ ಮುದಿ ಬಸವನಹುಳು ಚಿಪ್ಪಿನಿಂದ ತಲೆ ಹೊರಹಾಕಿತು.

"ಕೈ ತೆಗಿ. ಹೊಸ ನೀರಿಗೆ ಕಂದು ಬರುವುದು ಸಹಜ. ನೀನು ಬೂದಿ ಹಾಕಿ ಹತ್ತರಷ್ಟು ಮಾಡಿದ್ದೀಯ. ನಾನೂ ನನ್ನ ನೂರು ಮೊಮ್ಮಕ್ಕಳೂ ಮೇಯ್ದು ಮುಗಿಸುತ್ತೇವೆ. ಆದರೆ ಮೂರು ದಿನ ನೀನು ಇಲ್ಲೇ ಗಾಜಿನ ಪಕ್ಕ ಕೂರಬೇಕು. ನೀರಿಗೆ ಕೈ ಹಾಕಬಾರದು, ಎದ್ದು ಹೋಗಲೂಬಾರದು."

ಇಂದುಕಲೆ ಕುಳಿತಳು. ಅದು ಸುಲಭವಾಗಿರಲಿಲ್ಲ. ಅವಳ ಕಣ್ಣೆದುರಿಗೇ ರಾಜ ಪವಳೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸುತ್ತಿದ್ದ. ತನಗೆ ಜ್ವರ ಬಂದಾಗ ಅಪ್ಪ ಹೀಗೆ ಕೂತಿದ್ದನೇ? ಇಲ್ಲ, ವೈದ್ಯನನ್ನು ಕಳಿಸಿದ್ದ. ತನ್ನ ಕೈಯಾರೆ ಸಾವಿನಂಚಿಗೆ ತಂದವಳ ಮೇಲೆಯೇ ತನಗೆ ಈಗಲೂ ಹೊಟ್ಟೆಕಿಚ್ಚು ಎಂದು ತಿಳಿದು ಅವಳಿಗೆ ಅಸಹ್ಯವಾಯಿತು. ಆದರೂ ಕಿಚ್ಚು ಆರಲಿಲ್ಲ. ಅದನ್ನು ನುಂಗಿಕೊಂಡು ಕೂತಳು. ನಾಲ್ಕನೆಯ ಬೆಳಗ್ಗೆ ಕಂದು ಧೂಳು ಮಾಯವಾಗಿತ್ತು.

ಆದರೆ ಅದರ ಜಾಗದಲ್ಲಿ ಹಸಿರು ಬಂತು. ಕೂದಲಿನಂಥ ಉದ್ದುದ್ದ ಹಾವಸೆ ಬಂಡೆಬಂಡೆಯಿಂದ ಇಳಿಬಿದ್ದು ಹವಳಗಳ ಕುತ್ತಿಗೆ ಸುತ್ತಿಕೊಂಡಿತು. ಪವಳೆಯ ತುಟಿ ನೀಲಿಯಾಯಿತು. ಈ ಬಾರಿ ಬಂಡೆಯ ಸಂದಿಯಲ್ಲಿದ್ದ, ಮೈತುಂಬ ಮುಳ್ಳಿನ ಚೆಂಡಿನಂಥ ಕಡಲಜೀವಿಯೊಂದು ಮಾತಾಡಿತು.

"ಬೆಳಕು ಹೆಚ್ಚಾಗಿದೆ. ಸೂರ್ಯಮಣಿಗೆ ಅರ್ಧ ದಿನ ಬಟ್ಟೆ ಹೊದಿಸು. ಬಿಡಿ ಎಳೆಗಳನ್ನು ನಾನು ತಿನ್ನುತ್ತೇನೆ. ಬೇರು ಬಿಟ್ಟವನ್ನು ನೀನೇ ಕೀಳಬೇಕು. ಕೀಳುವಾಗ ಕಿವಿ ಮುಚ್ಚಿಕೊಳ್ಳಬಾರದು."

ಇಂದುಕಲೆ ತನ್ನ ಸೆರಗು ಹರಿದು ಮಣಿಗೆ ಹೊದಿಸಿ ನೀರಿಗಿಳಿದಳು. ಮೊದಲ ಎಳೆ ಕಿತ್ತಳು. ಅದು ಅವಳದೇ ದನಿಯಲ್ಲಿ ಕೂಗಿತು: "ಅವಳು ಬರುವ ಮೊದಲು ಅಪ್ಪ ನನ್ನವನಾಗಿದ್ದ!" ಇನ್ನೊಂದು ಕಿತ್ತಳು. "ಅವಳ ನಗು ನನಗೆ ಆಗಲ್ಲ!" ಮತ್ತೊಂದು. "ಬೂದಿ ಹಾಕಿದವಳು ನಾನೇ, ಯಾರಿಗೂ ಗೊತ್ತಾಗದಿರಲಿ!"

ಅಂಗಳದಲ್ಲಿ ಆಗ ಪವಳೆ ಒಬ್ಬಳೇ ಮಲಗಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಕಷ್ಟಪಟ್ಟು ಕಣ್ಣು ತೆರೆದಳು.

"ನೀನಾ ಅಕ್ಕಾ?"

ಇಂದುಕಲೆ ಎದೆಮಟ್ಟದ ನೀರಿನಲ್ಲಿ, ಕೈ ತುಂಬ ಹಾವಸೆ ಹಿಡಿದು ನಿಂತಿದ್ದಳು. "ಹೌದು. ನಾನೇ."

ಪವಳೆ ಮೊಣಕೈಯೂರಿ ತಲೆಯೆತ್ತಿದಳು. ಆಮೇಲೆ ಹೇಳಿದಳು: "ನಿನ್ನನ್ನು ಕಂಡರೆ ನನಗೂ ಹೊಟ್ಟೆಕಿಚ್ಚಿತ್ತು. ನೀನು ಹುಟ್ಟಿದ ಮನೆಯಲ್ಲೇ ಇದ್ದೀಯ. ಎದುರಿಗೆ ಅಪ್ಪ ಇದ್ದಾನೆ. ನನ್ನಪ್ಪ ತಿಂಗಳ ದಾರಿ ದೂರ. ಆದರೂ ನಾನು ನಿನ್ನ ಕೊಳಕ್ಕೆ ಏನೂ ಹಾಕಲಿಲ್ಲ."

ಇಂದುಕಲೆಯ ಕಣ್ಣೀರು ನೀರಿಗೆ ಬಿತ್ತು.

"ಈಗ ಅಳಬೇಡ, ನೀರು ಇನ್ನಷ್ಟು ಕೆಡುತ್ತೆ. ಉಳಿದದ್ದನ್ನು ಕಿತ್ತು ಮುಗಿಸು," ಎಂದು ಪವಳೆ ಮುಖ ತಿರುಗಿಸಿಕೊಂಡಳು.

ಇಂದುಕಲೆ ಸಂಜೆಯವರೆಗೂ ಕಿತ್ತಳು, ಮರುದಿನವೂ ಕಿತ್ತಳು. ಒಂದೊಂದು ಎಳೆಯೂ ಕೂಗಿತು. ಅವಳು ಒಂದೊಂದನ್ನೂ ಕೇಳಿದಳು. ಕೊನೆಯ ಎಳೆ ಬರುವ ಹೊತ್ತಿಗೆ ಬೆರಳುಗಳಿಂದ ರಕ್ತ ಒಸರುತ್ತಿತ್ತು.

ಅಷ್ಟರಲ್ಲಿ ಕೆಂಪು ಹಾಸು ಬಂತು. ಅದು ಮರಳಿನ ಮೇಲೆ ಲೋಳೆಯಂತೆ ಹರಡುತ್ತ ಕೆಂಪು ಹವಳದತ್ತ ತೆವಳಿತು. ಅದರ ನಡುವೆ ಎರಡು ಹಸಿರು ಕಣ್ಣುಗಳಿದ್ದವು. ಪಾಚಿಗಣ್ಣನೇ ಬಂದಿದ್ದ.

"ಮುಗಿಲಾನೆಗಳನ್ನು ಕೂಗು," ಎಂದಳು ಪವಳೆ. ಅವಳ ದನಿ ಉಸಿರಿನಷ್ಟೇ ಸಣ್ಣದಾಗಿತ್ತು. "ಬೂದಿಯ ನೀರು ಹೋಗಿ ಹೊಸ ನೀರು ಬರಬೇಕು. ಹರಿಯುವ ನೀರಿನಲ್ಲಿ ಅವನು ಬದುಕಲ್ಲ."

ಇಂದುಕಲೆ ಕೂಗಿದಳು. ಹನ್ನೆರಡು ಆನೆಗಳು ಮೋಡ ತುಳಿದು ಬಂದವು. ಸದ್ದು ಕೇಳಿ ರಾಜ, ಜಯಂಧರ, ದಾಸಿಯರು, ಪಟ್ಟಣದ ಜನರೆಲ್ಲ ಅಂಗಳಕ್ಕೆ ಓಡಿಬಂದರು.

"ನೀರು ತಂದಿದ್ದೇವೆ," ಎಂದಿತು ಹಿರಿಯ ಆನೆ. "ಆದರೆ ಕೊಟ್ಟ ನೀರನ್ನು ಕೆಡಿಸಿದವರು ಯಾರೆಂದು ತಿಳಿಯದೆ ಇನ್ನೊಮ್ಮೆ ಕೊಡುವುದಿಲ್ಲ."

ಇಂದುಕಲೆ ಪವಳೆಯ ಕಡೆ ನೋಡಿದಳು. ಪವಳೆ ಬಾಯಿ ಬಿಡಲಿಲ್ಲ.

"ನಾನು," ಎಂದಳು ಇಂದುಕಲೆ. "ಅಪ್ಪ ಅವಳ ಕಡಲನ್ನು ಮೆಚ್ಚಿದ. ನನಗೆ ತಡೆಯಲಾಗಲಿಲ್ಲ. ಬೂದಿ ಹಾಕಿದೆ."

ಜಯಂಧರ ಕತ್ತಿಗೆ ಕೈ ಹಾಕಿದ. ರಾಜ ಅವನ ಕೈ ಹಿಡಿದ. ಆನೆಗಳು ಇನ್ನೊಂದು ಮಾತಿಲ್ಲದೆ ಸೊಂಡಿಲೆತ್ತಿ ನೀರು ಸುರಿದವು. ಹಳೆಯ ನೀರು ಉಕ್ಕಿ ಅಂಗಳದ ತೂಬಿನಲ್ಲಿ ಹರಿದುಹೋಯಿತು. ಹೊಸ ನೀರು ಸುಳಿಸುಳಿಯಾಗಿ ಸುತ್ತತೊಡಗಿತು. ಪಾಚಿಗಣ್ಣ ಚೀರುತ್ತ ನಡುಬಂಡೆಯ ಹಿಂದೆ, ಸುಳಿ ತಲುಪದ ಮೂಲೆಗೆ ನುಸುಳಿದ. ಅಲ್ಲಿಂದ ಕೆಂಪು ಹವಳ ಒಂದೇ ಗೇಣು.

ಇಂದುಕಲೆ ನೀರಿಗೆ ಧುಮುಕಿ ಆ ಲೋಳೆಯನ್ನು ಎರಡೂ ಕೈಯಿಂದ ಹಿಡಿದಳು. ಅದು ಅವಳ ಕೊರಳು ಸುತ್ತಿ ಪಿಸುಗುಟ್ಟಿತು: "ಬಿಡು ತಾಯಿ. ಇವಳು ಹೋಗಲಿ. ನಾಳೆ ಬೆಳಗ್ಗೆ ನಿನ್ನಪ್ಪ ನಿನ್ನ ಕೊಳಕ್ಕೇ ಬರುತ್ತಾನೆ."

ಒಂದು ಗಳಿಗೆ ಅವಳಿಗೆ ಅದು ಬೇಕೆನಿಸಿತು. ನಿಜವಾಗಿ ಬೇಕೆನಿಸಿತು. ಆಮೇಲೆ ಕಾಲನ್ನು ಬಂಡೆಗೆ ಒತ್ತಿ, ಹಲ್ಲು ಕಚ್ಚಿ, ಆ ಕೆಂಪು ಹಾಸನ್ನು ಮೂಲೆಯಿಂದ ಎಳೆದು ಸುಳಿಯ ನಡುವಿಗೆ ಎಸೆದಳು. ಹರಿವ ನೀರು ಪಾಚಿಗಣ್ಣನನ್ನು ಚಿಂದಿಚಿಂದಿ ಮಾಡಿತು. ಹಸಿರು ಕಣ್ಣುಗಳೆರಡು ಗುಳ್ಳೆಗಳಾಗಿ ಮೇಲೆ ಬಂದು ಒಡೆದುಹೋದವು.

ಕೆಂಪು ಹವಳ ಮೆಲ್ಲಗೆ ಒಂದು ಬೆರಳು ಬಿಚ್ಚಿತು. ಆಮೇಲೆ ಹತ್ತು, ಆಮೇಲೆ ನೂರು. ಪವಳೆ ಎದ್ದು ಕುಳಿತು, "ಹಸಿವಾಗುತ್ತಿದೆ," ಎಂದಳು.

ಒದ್ದೆಯಾಗಿ ನಡುಗುತ್ತಿದ್ದ ಮಗಳ ಎದುರಿಗೆ ರಾಜ ಬಂದು ನಿಂತ. "ನಿನ್ನನ್ನು ಮರೆತ ತಪ್ಪು ನನ್ನದು. ಬೂದಿ ಹಾಕಿದ ತಪ್ಪು ನಿನ್ನದು. ಒಂದು ವರ್ಷ ಈ ಕಡಲಿನ ಚಾಕರಿ ಮಾಡು," ಎಂದ. ಆಮೇಲೆ ತನ್ನ ಶಾಲು ತೆಗೆದು ಅವಳಿಗೆ ಹೊದಿಸಿದ.

ಇಂದುಕಲೆ ಚಾಕರಿ ಮಾಡಿದಳು. ಗಾಜು ಒರೆಸಿದಳು, ಮೀನಿಗೆ ಅಳತೆ ಮೀರದಂತೆ ಆಹಾರ ಹಾಕಿದಳು. ಪವಳೆ ಮೊದಲ ತಿಂಗಳು ಅವಳೊಡನೆ ಮಾತಾಡಲಿಲ್ಲ. ಎರಡನೆಯ ತಿಂಗಳು, "ಆ ಮೂಲೆ ಉಜ್ಜಿಲ್ಲ," ಎಂದಳು. ಮೂರನೆಯ ತಿಂಗಳು ತಾನೂ ನೀರಿಗಿಳಿದು ಆ ಮೂಲೆ ಉಜ್ಜಿದಳು.

ವರ್ಷ ತುಂಬಿದಾಗ ಕಡಲರಾಜನೇ ಮಗಳನ್ನು ನೋಡಲು ಬಂದ. ಗಾಜಿನ ಕಡಲು ಸ್ಫಟಿಕದಂತಿತ್ತು, ಹವಳಗಳು ಇಮ್ಮಡಿಯಾಗಿದ್ದವು. ಅವನು ಬೆರಗಾಗಿ ಕೇಳಿದ: "ಇದನ್ನು ಇಷ್ಟು ಚೆನ್ನಾಗಿ ನೋಡಿಕೊಂಡವರು ಯಾರು?"

"ನಾನು," ಎಂದರು ಇಂದುಕಲೆ ಮತ್ತು ಪವಳೆ, ಇಬ್ಬರೂ ಒಟ್ಟಿಗೆ.

ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವರು ನಕ್ಕದ್ದು ಕಂಡು ಇಬ್ಬರು ರಾಜರೂ ನಕ್ಕರು, ಜಯಂಧರ ನಕ್ಕ, ಅಂಗಳ ತುಂಬ ಜನ ನಕ್ಕರು. ಕಣಗಿಲೆಯವರು ಮುಂದೆ ನೂರು ಕಾಲ ಹೀಗೇ ನಗುನಗುತ್ತ ಬಾಳಿದರು.